ಮಾವಶಿ ಮತ್ತೆ ಗೇರುಬೀಜದ ರೇಟು

ಡಿಸೆಂಬರ್ 3, ಗೋವಾದಲ್ಲಿ ಪಾದ್ರಿಯಾಗಿದ್ದ ಸಂತ ಝೇವಿಯರ್ ಫೆಸ್ತ್ (ಹಬ್ಬ), ಕಾರವಾರದಿಂದ ಮನೆಯವ್ರೆಲ್ಲ ಬೆಳಗಾಗೂಕೆ ಮೊದ್ಲೇ ಓಲ್ಡ್ ಗೋವಾಕ್ಕೆ ಹೋಗಿದಾರೆ, ನಂಗೆ ರಜೆ ಇಲ್ಲ, ಮಾವಶಿ (ಅಮ್ಮನ ಸೋದರಿ) ನೆನಪಾಗ್ತಾ ಇದೆ. ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಆಗಿ ಟಾಂಜಾನಿಯಾದ ಮಟ್ವಾರಾ ಕಡೆ ಹೋದವ್ಳು, ನರ್ಸು, ಮಲೇರಿಯಾ ಬಂದ ಮಕ್ಕಳನ್ನ ನೋಡ್ಕೊಳ್ಳೋದೇ ಕೆಲ್ಸ, ಆದ್ರೆ ಊರಿಗೆ ಬಂದಾಗ ಪ್ರಾರ್ಥನೆಗಿಂತ ಜಾಸ್ತಿ ಮಾತಾಡ್ತಿದ್ದಿದ್ದು ಅಲ್ಲಿನ ಗೇರುಬೀಜದ ರೇಟು (ಪಕ್ಕಾ ವ್ಯಾಪಾರಿ!). ಗೇರುಮರ ಅಲ್ಲಿಗೂ ನಮ್ ಕರಾವಳಿಗೂ ಬ್ರೆಜಿಲ್‌ನಿಂದ ತಂದಿದ್ದು ಪೋರ್ಚುಗೀಸ್ರೇ. ಝೇವಿಯರ್ ಕೂಡ 1542ರಲ್ಲಿ ಗೋವಾ ಮುಟ್ಟೋ ಮುಂಚೆ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಲೆ ಇದ್ದು ರೋಗಿಗಳ ಸೇವೆ ಮಾಡಿದ್ರು, ಮಟ್ವಾರಾದಿಂದ ಆ ದೇಶದ ಗಡಿ ಹತ್ರಾನೇ, ಅಂದ್ರೆ ಅವ್ರು ಬಂದ ದಾರೀಲೇ ಇವ್ಳು ವಾಪಸ್ ಹೋದ್ಳು ಅನ್ಸತ್ತೆ. ಅಮ್ಮಂಗೆ ಹೇಳಿದ್ರೆ, ಅದೆಲ್ಲ ಇರ್ಲಿ ಮಾರಾಯಾ, ಅಲ್ಲಿ ಅವ್ಳಿಗೆ ಬಂಗಡೆ ಹುಮ್ಮಣ (ಮೀನಿನ ಸಾರು) ಯಾರು ಮಾಡಿ ಹಾಕ್ತಿದ್ರು ಅಂತಾಳೆ.