ಸಾಕ್ಸ್ ಹಾಕಿಕೊಳ್ಳೋಕೆ ನಿನಗೆ ಹತ್ತು ನಿಮಿಷ ಯಾಕೆ ಬೇಕು?

ಈ ಪ್ರಶ್ನೆಯನ್ನು ನನ್ನ ಹೆಂಡತಿ ಕೇಳಿದ್ದಾಳೆ, ಮಗಳು ಕೇಳಿದ್ದಾಳೆ. ಆಫೀಸ್ ಕ್ಯಾಬಿನ ಡ್ರೈವರ್ ದಿನಾ ಬೆಳಿಗ್ಗೆ ಹಾರ್ನ್ ಹೊಡೆದು ಕೇಳುತ್ತಾರೆ, ಎರಡು ಗಿಡ್ಡ, ಒಂದು ಉದ್ದ. ಹೋದ ದೀಪಾವಳಿಗೆ ಬಂದಿದ್ದ ಭಾವಮೈದ, ನಾನು ಮಂಚದ ತುದಿಯಲ್ಲಿ ಕೂತು ಒಂದು ಸಾಕ್ಸನ್ನು ಒಳಗಿನದು ಹೊರಗೆ ಮಾಡಿ ಕಿಟಕಿ ಬೆಳಕಿಗೆ ಹಿಡಿದಿದ್ದನ್ನು ನೋಡಿ, "ಏನ್ ಭಾವ, ಎಕ್ಸ್‌ರೇ ನೋಡ್ತಿದ್ದೀರಾ?" ಅಂದ. ಆವತ್ತು ನಕ್ಕು ಸುಮ್ಮನಾದೆ. ಪ್ರತಿ ಸಲ ಹೀಗೆ ನಗೋದಕ್ಕಿಂತ ಒಂದೇ ಸಲ ಬರೆದು ಮುಗಿಸೋಣ ಅಂತ ಈಗ ಕೂತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಲೆಕ್ಕ ಸರಿ ಮಾಡಿಬಿಡುತ್ತೇನೆ. ಹತ್ತು ನಿಮಿಷ ಅಲ್ಲ, ಏಳು. ಅದರಲ್ಲಿ ನಾನು ಹಾಕಿಕೊಳ್ಳೋದು ಒಂದೇ ನಿಮಿಷ. ತಾಳಿ ಕಟ್ಟೋಕೆ ಎಷ್ಟು ಹೊತ್ತು ಬೇಕು ಹೇಳಿ? ಜಾತಕ ಕೂಡಿಸೋಕೆ ತಾನೇ ವರ್ಷಗಟ್ಟಲೆ ಹಿಡಿಯೋದು.

ಜಾತಕದ ಮಾತು ಸುಮ್ನೆ ಹೇಳಲಿಲ್ಲ. ನನ್ನ ಡ್ರಾಯರಿನಲ್ಲಿ ಕಪ್ಪು, ಕಡು ನೀಲಿ, ಒಂದು ಕಾಲದಲ್ಲಿ ಕಪ್ಪಾಗಿದ್ದದ್ದು ಅಂತ ಮೂರು ಜಾತಿ ಇವೆ. ಟ್ಯೂಬ್‌ಲೈಟ್ ಕೆಳಗೆ ಮೂರೂ ಒಂದೇ. ಬಿಸಿಲಿಗೆ ತಂದರೆ ಬಣ್ಣ ಬಯಲಾಗುತ್ತೆ. ಇದನ್ನು ನಾನು ಕಲಿತದ್ದು ಒಬ್ಬ ನೆಂಟರ ಗೃಹಪ್ರವೇಶದಲ್ಲಿ. ಬಾಗಿಲಲ್ಲಿ ಶೂ ಬಿಚ್ಚಿ, ಒಳಗೆ ಹೋಗಿ, ಜಮಖಾನದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರೆ ಬಲಗಾಲು ಕಪ್ಪು, ಎಡಗಾಲು ನೀಲಿ. ಸಾಲದ್ದಕ್ಕೆ ಎಡಗಾಲಿನ ಹೆಬ್ಬೆರಳು ತೂತಿನಿಂದ ತಲೆ ಹೊರಗೆ ಹಾಕಿ ಹೊಸ ಮನೆ ನೋಡುತ್ತಿತ್ತು. ನಮ್ಮ ಕಡೆ ಸಮಸ್ಯೆ ಇರೋದೇ ಇಲ್ಲಿ. ಮನೆಯಲ್ಲಿ, ದೇವಸ್ಥಾನದಲ್ಲಿ, ಕೆಲವು ಕ್ಲಿನಿಕ್ಕಿನಲ್ಲಿ, ಸೀರೆ ಅಂಗಡಿಯ ಬಿಳಿ ಹಾಸಿನ ಮುಂದೆ, ಎಲ್ಲ ಕಡೆ ಶೂ ಬಿಚ್ಚಬೇಕು. ಬನಿಯನ್ ತೂತಾದರೆ ನಿಮಗೆ ಮಾತ್ರ ಗೊತ್ತು. ಸಾಕ್ಸ್ ತೂತಾದರೆ ಬೀಗರಿಗೆಲ್ಲ ಗೊತ್ತು.

ಐನ್‌ಸ್ಟೈನ್ ಈ ಹೆಬ್ಬೆರಳಿನ ಕಾಟ ತಾಳಲಾರದೆ ಸಾಕ್ಸ್ ಹಾಕೋದನ್ನೇ ಬಿಟ್ಟಿದ್ದರಂತೆ. ಅವರಿಗೆ ನಡೆಯುತ್ತೆ. ನಾನು ಬರಿಗಾಲಿಗೆ ಶೂ ಏರಿಸಿ ಆಡಿಟ್ ಮೀಟಿಂಗಿಗೆ ಹೋದರೆ ಅದನ್ನು ಯಾರೂ ಪ್ರತಿಭೆ ಅನ್ನಲ್ಲ.

ಬಣ್ಣ ಆದಮೇಲೆ ಎಲಾಸ್ಟಿಕ್. ಎರಡು ಬೆರಳು ತೂರಿಸಿ, ಹಿಗ್ಗಿಸಿ, ಬಿಟ್ಟು ನೋಡುತ್ತೇನೆ. ತಟಕ್ಕಂತ ಮುಚ್ಚಿಕೊಂಡರೆ ಪಾಸು. ಇದು ಶಾಲೆಯಿಂದ ಬಂದ ಭಯ. ನಮ್ಮ ಶಾಲೆಯಲ್ಲಿ ಶನಿವಾರ ಬಿಳಿ ಕ್ಯಾನ್ವಾಸ್ ಶೂ, ಬಿಳಿ ಸಾಕ್ಸ್. ಶೂಗೆ ಸೀಮೆಸುಣ್ಣ ತಿಕ್ಕಿ ಡ್ರಿಲ್ ಮಾಸ್ತರರ ಕಣ್ಣು ತಪ್ಪಿಸಬಹುದಿತ್ತು, ಸಾಕ್ಸಿಗೆ ಏನೂ ಮಾಡೋಕಾಗುತ್ತಿರಲಿಲ್ಲ. ಜೂನ್‌ನಲ್ಲಿ ಮೊಣಕಾಲಿನ ಕೆಳಗೆ ನೆಟ್ಟಗೆ ನಿಂತದ್ದು ದಸರಾ ರಜೆ ಹೊತ್ತಿಗೆ ಶೂ ಮೇಲೆ ಕುಸಿದು ಬಿದ್ದಿರುತ್ತಿತ್ತು. ಅದಕ್ಕೆ ಇದ್ದ ಒಂದೇ ಮದ್ದು ರಬ್ಬರ್ ಬ್ಯಾಂಡ್. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಾಲು ಜುಮ್ಮೆನ್ನೋದು, ಸಂಜೆ ಬಿಚ್ಚಿದರೆ ಮೀನಖಂಡದ ಸುತ್ತ ಕೆಂಪು ಬಳೆ.

ಸಾಕ್ಸ್ ತನ್ನ ಪಾಡಿಗೆ ತಾನು ಮೇಲೆ ನಿಲ್ಲೋದು ತೀರಾ ಈಚಿನ ಸುಖ. ಹಿಂದೆ ಸಾಹೇಬರು ಗಾರ್ಟರ್ ಅಂತ ಒಂದು ಪಟ್ಟಿ ಕಟ್ಟಿ ಎತ್ತಿ ನಿಲ್ಲಿಸುತ್ತಿದ್ದರು. ನೈಲಾನ್ ಬಂದದ್ದು 1935ರಲ್ಲಿ, ನಾವು ಲೈಕ್ರಾ ಅನ್ನುವ ಹಿಗ್ಗುವ ನೂಲು 1958ರಲ್ಲಿ, ಎರಡೂ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ. ಈಗಿನ ಒಳ್ಳೆ ಸಾಕ್ಸಿನ ಲೇಬಲ್ ಓದಿ ನೋಡಿ. ಹತ್ತಿ ಜಾಸ್ತಿ, ಸ್ವಲ್ಪ ನೈಲಾನೋ ಪಾಲಿಯೆಸ್ಟರೋ, ಕೊನೆಯಲ್ಲಿ ಎರಡು ಮೂರು ಪರ್ಸೆಂಟ್ ಎಲಾಸ್ಟೇನ್, ಅಂದರೆ ಅದೇ ಲೈಕ್ರಾ. ನಿಮ್ಮ ಮಾನ ಹಿಡಿದು ನಿಲ್ಲಿಸಿರೋದು ಆ ಎರಡು ಮೂರು ಪರ್ಸೆಂಟೇ. ಅಂಗಡಿಯವರು "ಪ್ಯೂರ್ ಕಾಟನ್ ಸಾರ್" ಅಂತ ಶುರು ಮಾಡಿದರೆ ನಾನು ಮೆಲ್ಲಗೆ ಕೆಳಗಿಡುತ್ತೇನೆ. ಹತ್ತಿ ಬೆವರು ಹೀರುತ್ತೆ ನಿಜ, ಆದರೆ ಹೀರಿದ್ದನ್ನು ಬೇಗ ಬಿಡಲ್ಲ. ಒದ್ದೆ ಬಟ್ಟೆ ಉಜ್ಜಿ ಉಜ್ಜಿ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತೆ, ಬೈಗುಳ ಮಾತ್ರ ಶೂಗೆ ಬೀಳುತ್ತೆ.

ನಿನ್ನೆಯದನ್ನೇ ಮೂಸಿ ನೋಡಿ "ಇನ್ನೊಂದು ದಿನ ನಡೆಯುತ್ತೆ" ಅನ್ನುವವರಿಗೆ ಒಂದು ಮಾತು. ಬೆವರಿಗೆ ಅಂಥ ವಾಸನೆಯೇ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆವರನ್ನೂ ಸತ್ತ ಚರ್ಮವನ್ನೂ ತಿಂದು ಬಿಡುವ ಆಮ್ಲದ ವಾಸನೆ ಅದು. ಯುರೋಪಿನ ಲಿಂಬರ್ಗರ್ ಅನ್ನುವ ಚೀಸ್ ನಾರೋದೂ ಇದೇ ಬಳಗದ ಬ್ಯಾಕ್ಟೀರಿಯಾದಿಂದ. ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಒಂದು ಜಾತಿಯ ಹೆಣ್ಣು ಸೊಳ್ಳೆ ಆ ಚೀಸಿಗೂ ಮನುಷ್ಯನ ಪಾದಕ್ಕೂ ಒಂದೇ ಥರ ಮರುಳಾಗುತ್ತೆ ಅಂತ ತೋರಿಸಿದವರಿಗೆ 2006ರಲ್ಲಿ ಇಗ್ ನೊಬೆಲ್ ಬಹುಮಾನ ಸಿಕ್ಕಿತು, ಮೊದಲು ನಗು ತರಿಸಿ ಆಮೇಲೆ ತಲೆ ಕೆರೆದುಕೊಳ್ಳುವಂತೆ ಮಾಡುವ ಸಂಶೋಧನೆಗಳಿಗೆ ಕೊಡೋದು ಅದು. ಭಾವಮೈದನಿಗೆ ಇದನ್ನು ವಿವರವಾಗಿ ಹೇಳಿದೆ. ಅವನು ಚೀಸ್ ತಿನ್ನೋದು ಬಿಟ್ಟ. ಸಾಕ್ಸ್ ಒಗೆಯೋದು ಶುರು ಮಾಡಲಿಲ್ಲ.

ಈಗ ಆ ಎಕ್ಸ್‌ರೇ ವಿಷಯ. ಎಲ್ಲರೂ ಜಾಸ್ತಿ ನಗೋದು ಇದಕ್ಕೇ.

ಅಪ್ಪನಿಗೆ ಇಪ್ಪತ್ತು ವರ್ಷದಿಂದ ಶುಗರ್ ಇದೆ. ಪಾದದಲ್ಲಿ ಸ್ಪರ್ಶ ಕಮ್ಮಿ. ಮೂರು ವರ್ಷದ ಹಿಂದೆ ಅವರಿಗೆ ಹೊಸ ಬಿಳಿ ಸಾಕ್ಸ್ ತಂದಿದ್ದೆ. ಹೊಸ ಜೊತೆಯನ್ನು ಸೇರಿಸಿ ಒಂದು ಪ್ಲಾಸ್ಟಿಕ್ ಎಳೆ ಚುಚ್ಚಿರುತ್ತಾರಲ್ಲ, ಎರಡೂ ತುದಿಯಲ್ಲಿ ಸಣ್ಣ ಅಡ್ಡಕಡ್ಡಿ ಇರುವಂಥದ್ದು, ಅದನ್ನು ನಾನೇ ಕೈಯಲ್ಲಿ ಎಳೆದು ಕಿತ್ತೆ. ಅರ್ಧ ನನ್ನ ಕೈಗೆ ಬಂತು. ಇನ್ನರ್ಧ ಒಳಗೇ ಉಳಿಯಿತು, ನಾನು ನೋಡಲಿಲ್ಲ. ಅಪ್ಪ ಅದನ್ನು ಹಾಕಿಕೊಂಡು ಪಾರ್ಕಿಗೆ ಹೋದರು, ಹಾಲು ತಂದರು, ಮಧ್ಯಾಹ್ನ ಲೈಬ್ರರಿಗೂ ಹೋಗಿ ಬಂದರು. ಸಂಜೆ ಬಿಚ್ಚಿದಾಗ ಕಿರುಬೆರಳ ಹತ್ತಿರ ಬಿಳಿ ಬಟ್ಟೆ ಮೇಲೆ ಮೆಂತ್ಯದ ಕಾಳಿನಷ್ಟು ಕೆಂಪು. "ಏನೂ ಗೊತ್ತಾಗಲೇ ಇಲ್ಲ ಕಣೋ" ಅಂದರು, ಯಾರದೋ ಕಾಲಿನ ವಿಷಯ ಹೇಳುವ ಹಾಗೆ. ಅದು ಮಾಯೋಕೆ ಹತ್ತಿರ ಹತ್ತಿರ ಒಂದು ತಿಂಗಳು ಬೇಕಾಯಿತು. ಡಾಕ್ಟರು ಹೇಳಿದ್ದು ಇಷ್ಟೇ: ಬಿಳಿಯದನ್ನೇ ಹಾಕಿ, ರಕ್ತ ಬಂದರೆ ಕಾಣಿಸಲಿ. ಬಾಯಿ ಬಿಗಿ ಇರಬಾರದು. ಹಾಕುವ ಮೊದಲು ಒಳಗೆ ಕೈ ಬಿಟ್ಟು ನೋಡಿ.

ಹಾಗಾಗಿ ಆ ಏಳು ನಿಮಿಷದಲ್ಲಿ ನಾಲ್ಕು ಕಾಲಿದೆ. ಮೊದಲು ಅಪ್ಪನ ಎರಡು, ಆಮೇಲೆ ನನ್ನ ಎರಡು. ಅವರದನ್ನು ತಿರುವಿ, ಹೊಲಿಗೆ ಮೇಲೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿ ಹಾಕುತ್ತೇನೆ. ಅವರು ಕಾಲು ಚಾಚಿಕೊಂಡು ಪೇಪರ್ ಓದುತ್ತಿರುತ್ತಾರೆ, ನಡುವೆ ಒಂದೆರಡು ಸುದ್ದಿ ಜೋರಾಗಿ ಹೇಳುತ್ತಾರೆ. ಆಮೇಲೆ ನನ್ನದನ್ನೂ ಹಾಗೇ ನೋಡುತ್ತೇನೆ. ನನಗೆ ಶುಗರ್ ಇಲ್ಲ. ಕೈಗೆ ಅಭ್ಯಾಸ ಆಗಿಬಿಟ್ಟಿದೆ.

ಇನ್ನು ಹಾಕುವ ಕ್ರಮ. ತುಂಬಾ ಜನ ಸಾಕ್ಸಿನ ಬಾಯಿಯನ್ನು ಎರಡು ಕೈಯಲ್ಲಿ ಹಿಡಿದು ಕಾಲನ್ನು ಒಳಗೆ ತುರುಕುತ್ತಾರೆ, ಗೋಣಿಚೀಲಕ್ಕೆ ಭತ್ತ ತುಂಬಿದ ಹಾಗೆ. ಬಾಯಿ ಹರಿಯೋದು ಹೀಗೇ. ಎರಡು ಹೆಬ್ಬೆರಳು ಒಳಗೆ ಬಿಟ್ಟು ತುದಿ ತನಕ ಮಡಚಿಕೊಳ್ಳಿ, ಕೋಡುಬಳೆಯಷ್ಟು ಆಗುತ್ತೆ. ಅದಕ್ಕೆ ಬೆರಳು ತೂರಿಸಿ, ಹೊಲಿಗೆ ಉಗುರಿನ ಮೇಲೆ ಬರುವಂತೆ ಸರಿ ಮಾಡಿ, ಆಮೇಲೆ ಹಿಮ್ಮಡಿಗೆ ಎಳೆಯಿರಿ. ಸಾಕ್ಸ್ ಹೆಣೆಯುವ ಮಷೀನು ಉದ್ದಕ್ಕೂ ಸುತ್ತಿ ಸುತ್ತಿ ಕೊಳವೆ ಥರ ಹೆಣೆಯುತ್ತೆ, ಹಿಮ್ಮಡಿ ಬಂದಾಗ ಮಾತ್ರ ಸುತ್ತೋದು ಬಿಟ್ಟು ಆ ಕಡೆ ಈ ಕಡೆ ಓಡಾಡಿ ಒಂದು ಸಣ್ಣ ಜೇಬು ಮಾಡುತ್ತೆ. ಪಾಪ, ಅಷ್ಟು ಕಷ್ಟಪಟ್ಟು ಮಾಡಿಟ್ಟ ಜೇಬನ್ನು ಜನ ಪಾದದ ಮೇಲ್ಗಡೆಗೆ ತಿರುಗಿಸಿಕೊಂಡು ಇಡೀ ದಿನ ಓಡಾಡುತ್ತಾರೆ. ನಲವತ್ತು ದಾಟಿದವರು ದಯವಿಟ್ಟು ಒಂಟಿಕಾಲಲ್ಲಿ ನಿಂತು ಹಾಕಿಕೊಳ್ಳಬೇಡಿ. ಇದಕ್ಕೂ ಒಂದು ಕಥೆ ಇದೆ, ಅದರಲ್ಲಿ ಒಂದು ಟೀಪಾಯಿ ಬರುತ್ತೆ, ಬೇಡ ಬಿಡಿ.

ಯಾವ ಕಾಲು ಮೊದಲು? ಬಲಗಾಲಿಟ್ಟು ಒಳಗೆ ಬಾ ಅನ್ನುವ ಊರಿನಲ್ಲಿ ಹುಟ್ಟಿದವನು ನಾನು, ಬಲವೇ ಮೊದಲು. ಸಚಿನ್ ತೆಂಡೂಲ್ಕರ್ ಯಾವಾಗಲೂ ಎಡಗಾಲಿನ ಪ್ಯಾಡನ್ನೇ ಮೊದಲು ಕಟ್ಟುತ್ತಿದ್ದರು ಅಂತ ಮಗಳು ವಾದಕ್ಕೆ ಬಂದಳು. ಸಚಿನ್ ಕ್ಯಾಬ್ ಕಾಯಿಸುತ್ತಿರಲಿಲ್ಲ ಅಂದೆ. ಅಂಗಡಿಯಲ್ಲಿ ಸಾಕ್ಸಿಗೆ ಎಡ ಬಲ ಇಲ್ಲ, ಆದರೆ ನಾಲ್ಕು ಸಲ ಹಾಕಿದ ಮೇಲೆ ಹೆಬ್ಬೆರಳು ತನ್ನ ಜಾಗ ಮಾಡಿಕೊಂಡಿರುತ್ತೆ. ಹಾಗಾಗಿ ಎಡದ್ದಕ್ಕೆ ಒಳಗಡೆ ಒಂದು ಕೆಂಪು ದಾರದ ಗಂಟು ಹಾಕಿಡುತ್ತೇನೆ. ನಮ್ಮ ಮನೆ ಕೆಲಸಕ್ಕೆ ಬರುವ ಅಮ್ಮ ಅದನ್ನು ದೃಷ್ಟಿಗೆ ಅಂದುಕೊಂಡಿದ್ದರು. ಆಗಲಿ, ಅದಕ್ಕೂ ಇರಲಿ.

ಇದರ ಬೆನ್ನಿಗೇ ಬರುವ ಉಪಪ್ರಶ್ನೆ: ಚಪ್ಪಲಿಗೆ ಯಾರಾದರೂ ಸಾಕ್ಸ್ ಹಾಕ್ತಾರಾ? ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವ ಹೆಂಗಸರ ಕಾಲು ನೋಡಿ. ಹೆಬ್ಬೆರಳಿಗೆ ಬೇರೆ ಮನೆ ಮಾಡಿದ, ಚರ್ಮದ ಬಣ್ಣ ಅಂತ ಹೆಸರಿದ್ದು ಯಾರ ಚರ್ಮಕ್ಕೂ ಹೊಂದದ ಬಣ್ಣದ ಸಾಕ್ಸ್. ಮಲ್ಲೇಶ್ವರದ ಎಂಟನೇ ಕ್ರಾಸಿನ ಫುಟ್‌ಪಾತಿನಲ್ಲಿ ನನ್ನ ಹೆಂಡತಿ ಅದನ್ನೇ ಕೊಂಡಾಗ ನಾನೂ ನಕ್ಕಿದ್ದೆ. ಆಮೇಲೆ ಗೊತ್ತಾಯಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಜಿಪ್ಟಿನಿಂದ ತಂದ ಒಂದು ಜೊತೆ ಉಣ್ಣೆ ಸಾಕ್ಸ್ ಇದೆ, ಸುಮಾರು 1600 ವರ್ಷ ಹಳೆಯದು, ಒಂದೇ ಸೂಜಿಯಲ್ಲಿ ಹೆಣೆದದ್ದು. ಬಣ್ಣ ಕೆಂಪು, ಹೆಬ್ಬೆರಳಿಗೆ ಬೇರೆ ಮನೆ. ಚಪ್ಪಲಿ ಜೊತೆ ಹಾಕೋಕೇ ಮಾಡಿದ್ದು. ಇಂಗ್ಲೆಂಡಿನ ಉತ್ತರದ ವಿಂಡೊಲಂಡಾ ಎಂಬ ರೋಮನ್ ಕೋಟೆಯಲ್ಲಿ 1900 ವರ್ಷದಷ್ಟು ಹಿಂದಿನ ಒಂದು ಕಾಗದ ಸಿಕ್ಕಿದೆ, ತೆಳು ಮರದ ಹಲಗೆ ಮೇಲೆ ಬರೆದದ್ದು. ಅದರಲ್ಲೂ ಸಾಕ್ಸ್, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ ಕಳಿಸಿದ್ದೇನೆ ಅಂತಿದೆ. ಅಲ್ಲಿನ ಚಳಿಗೆ ರೋಮನ್ ಸೈನಿಕರಿಗೆ ಬೇಕಾದದ್ದು ನಮ್ಮ ಹೆಂಗಸರಿಗೆ ಬೇಡವಾ? ಆವತ್ತಿನಿಂದ ನಾನು ನಗೋದು ಬಿಟ್ಟಿದ್ದೇನೆ. ಹೆಂಡತಿ ಕ್ಷಮಿಸಿದ ಹಾಗಿಲ್ಲ.

ಶೂನೂ ಇಲ್ಲದೆ, ಚಪ್ಪಲಿನೂ ಇಲ್ಲದೆ, ಬರೀ ಸಾಕ್ಸಿನಲ್ಲಿ ನಡೆಯುವ ಜಾಗ ಒಂದಿದೆ, ಶ್ರವಣಬೆಳಗೊಳ. ವಿಂಧ್ಯಗಿರಿಗೆ ಬರಿಗಾಲಲ್ಲೇ ಹತ್ತಬೇಕು. ಬಂಡೆಯಲ್ಲೇ ಕಡೆದ ಸುಮಾರು 650 ಮೆಟ್ಟಿಲು, ಮೇ ತಿಂಗಳ ಹನ್ನೊಂದು ಗಂಟೆಗೆ ಅದು ಕಾದ ದೋಸೆ ಕಲ್ಲು. ಬೆಟ್ಟದ ಬುಡದಲ್ಲಿ ಸಾಕ್ಸ್ ಮಾರುತ್ತಾರೆ. ನಾನು ಅಭ್ಯಾಸದಂತೆ ಒಂದನ್ನು ತೆಗೆದು ತಿರುವಿ, ಒಳಗೆ ಕೈ ಬಿಟ್ಟು, ಹೊಲಿಗೆ ನೋಡಿ, ಎಲಾಸ್ಟಿಕ್ ಎಳೆದು, "ಸೈಜ್ ಯಾವುದು?" ಅಂತ ಕೇಳಿದೆ. ಮಾರುತ್ತಿದ್ದ ಹೆಂಗಸು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಬೆಟ್ಟ ಹತ್ತಿ ಇಳಿಯೋವರೆಗೂ ಇರ್ತದೆ ತಗೊಳ್ಳಣ್ಣ" ಅಂದಳು. ಸಾಕ್ಸ್ ಬಗ್ಗೆ ಅಷ್ಟು ಪ್ರಾಮಾಣಿಕವಾದ ಗ್ಯಾರಂಟಿಯನ್ನು ನಾನು ಯಾವ ಶೋರೂಮಿನಲ್ಲೂ ಕೇಳಿಲ್ಲ. ಹತ್ತಿದೆ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಗೊಮ್ಮಟ, 58 ಅಡಿ, ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದಾನೆ. ಎಲ್ಲ ಬಿಟ್ಟು ನಿಂತವನನ್ನು ನೋಡೋಕೆ ಹೋಗಿ ನಾನು ಒಂದು ಜೊತೆ ಸಾಕ್ಸ್ ಬಿಡೋಕಾಗಲಿಲ್ಲ.

ಇಳಿದು ಬಂದಾಗ ಎರಡರ ಅಡಿಯೂ ಜಾಳು ಜಾಳಾಗಿತ್ತು. ಮೇಲ್ಭಾಗ ಗಟ್ಟಿ ಇತ್ತು, ಎಸೆಯೋಕೆ ಮನಸ್ಸು ಬರಲಿಲ್ಲ, ಮನೆಗೆ ತಂದು ಒಗೆದು ಎಡದ್ದಕ್ಕೆ ಕೆಂಪು ದಾರವನ್ನೂ ಹಾಕಿದ್ದೆ. ಈಗ ಎಡದ್ದು ಸ್ಕೂಟರ್ ಒರೆಸೋಕೆ ಇದೆ. ಬಲದ್ದು ಸಿಗುತ್ತಿಲ್ಲ.