ನೂರು ರೂಪಾಯಿ ಕಡಿತ ಹುಡುಕ್ಕೋತ ಹುಬ್ಬಳ್ಳಿಯಿಂದ ಬ್ಯಾಡಗಿ ತನ

ಅಕ್ಕನ ಮಗಳ ಸಾಲ್ಯಾಗ ಯುವ ಸಂಸತ್ತು ಅಂತ ಒಂದು ಸ್ಪರ್ಧೆ ಇಟ್ಟಿದ್ರು. ಒಂಬತ್ತನೇ ಕ್ಲಾಸಿನ ಹುಡುಗಿ, ಇಕಿಗೆ ಸಿಕ್ಕಿದ್ದು ವಿರೋಧ ಪಕ್ಷದ ಸಂಸದೆ ಪಾರ್ಟು, ವಿಷಯ ಬಜೆಟ್, ಟೈಮ್ ಐದು ನಿಮಿಷ. ಮಂತ್ರಿ ಪಾರ್ಟು ಸಿಗಲಿಲ್ಲ ಅಂತ ಎರಡು ದಿನ ಮುಖ ಉಬ್ಬಿಸ್ಕೊಂಡು ಕುಂತಿದ್ಲು. ಆಮ್ಯಾಲ ಮೊಬೈಲ್‌ನ್ಯಾಗ ಹುಡುಕಿ ಜಿಡಿಪಿ, ಹಣದುಬ್ಬರ, ವಿತ್ತೀಯ ಕೊರತೆ ಅಂತ ನಾಕು ಪುಟ ಬರಕೊಂಡು ಬಂದು ನನ್ನ ಮುಂದ ಓದಿದ್ಲು. ಒಂದು ಶಬ್ದ ತಪ್ಪಿಲ್ಲ, ಒಂದು ಶಬ್ದ ಸ್ವಂತದ್ದೂ ಇಲ್ಲ. ಇದರಾಗ ನಿನ್ನ ಕ್ಷೇತ್ರದ್ದು ಏನೈತಿ ಅಂತ ಕೇಳಿದೆ. "ಮಾಮಾ, ನಂದು ಯಾವ ಕ್ಷೇತ್ರ?" ಅಂದ್ಲು.

ಅಷ್ಟಕ್ಕ ಹೊಂಟಿದ್ದು ನೋಡ್ರಿ ಈ ಟ್ರಿಪ್ಪು.

ನನಗ ಮೊದಲಿಂದ ಒಂದು ಚಟ ಐತಿ, ರಾತ್ರಿ ನಿದ್ದಿ ಬರಲಿಲ್ಲಂದ್ರ ಲೋಕಸಭಾದ ಹಳೇ ಚರ್ಚೆ ಓದೋದು. ಮನ್ಯಾಗ ಎಲ್ಲಾರೂ ನಗತಾರ. ಆದ್ರ ಅದನ್ನ ಓದಿ ಓದಿ ಒಂದು ಸಂಗತಿ ತಲಿಗೆ ಹೋಗೇತಿ. ದೊಡ್ಡ ದೊಡ್ಡ ಭಾಷಣ ಮಾಡಿದವ್ರಿಗೆ ಮಂತ್ರಿ ಕೊಡೋ ಉತ್ತರ "ಮಾನ್ಯ ಸದಸ್ಯರ ಸಲಹೆ ಪರಿಶೀಲಿಸಲಾಗುವುದು", ಅಷ್ಟ ಮುಗೀತು. ಒಂದ ವಿಷಯ ಹಿಡದು, ಇಂಥಾ ಊರು, ಇಂಥಾ ಮಾಲು, ಇಂಥಾ ತಾರೀಖು ಅಂತ ಕುಂತ್ಕೊಂಡು ಕುಟ್ಟಿದವ್ರಿಗೆ ಮಾತ್ರ ಮಂತ್ರಿ ಕಾಗದ ತಿರುವಿ ಉತ್ತರ ಕೊಡಬೇಕಾಗ್ತದ. ಹಂಗಾಗಿ ಸಂಸದೆಮ್ಮನ್ನ ಊರು ತೋರಸಾಕ ಕರಕೊಂಡು ಹೋಗೂಣು ಅಂತ ನಿರ್ಧಾರ ಆತು. ರವಿವಾರ ಗದಗ, ಅಲ್ಲೇ ನಮ್ಮ ದೊಡ್ಡವ್ವನ ಮನ್ಯಾಗ ವಸ್ತಿ, ಸೋಮವಾರ ಬ್ಯಾಡಗಿ ಮಾರ್ಕೆಟ್. ಸೋಮವಾರಕ್ಕ ಸಾಲಿಗೆ ರಜಾ ಚೀಟಿ ಬರದವಳು ಅವರವ್ವ. ಕಾರಣ "ಜ್ವರ" ಅಂತ ಬರದಾಳ, ಸದನಕ್ಕ ತಪ್ಪು ಮಾಹಿತಿ ಕೊಡೋದು ಇಲ್ಲಿಂದನ ಸುರು.

ಹುಬ್ಬಳ್ಳಿ ಬಸ್ ಸ್ಟ್ಯಾಂಡ್‌ನ್ಯಾಗ ಗದಗ ಬಸ್ ಹತ್ತಿದ್ವಿ. ಕಂಡಕ್ಟರ್ ನನ್ನ ಕಡಿಂದ ರೊಕ್ಕ ಇಸ್ಕೊಂಡ, ಇಕಿ ಆಧಾರ್ ನೋಡಿ ಸೊನ್ನೆ ಟಿಕೆಟ್ ಹರದು ಕೊಟ್ಟ. ಇಕಿ ಅದನ್ನ ತಿರುಗಿಸಿ ಮುರುಗಿಸಿ ನೋಡಿ "ರೊಕ್ಕ ಇಲ್ಲಂದ ಮ್ಯಾಲ ಟಿಕೆಟ್ ಯಾಕ ಕೊಡ್ತಾರ ಮಾಮಾ?" ಅಂದ್ಲು. ಚಲೋ ಪ್ರಶ್ನೆ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಸುರು ಆದಾಗಿಂದ ಈ ಚೀಟಿ ಐತಿ, ಎಷ್ಟು ಚೀಟಿ ಹರದ್ರೋ ಆ ಲೆಕ್ಕದ ಮ್ಯಾಲ ಸಾರಿಗೆ ನಿಗಮ ಸರ್ಕಾರದ ಕಡೆ ರೊಕ್ಕ ಕೇಳತದ, ಸರ್ಕಾರ ಅದನ್ನ ರಾಜ್ಯ ಬಜೆಟ್‌ನ್ಯಾಗ ತೋರಸಬೇಕು, ಆ ಬಜೆಟ್ ವಿಧಾನಸಭಾದಾಗ ಪಾಸ್ ಆಗಬೇಕು. ಅಂದ್ರ ನಿನ್ನ ಕೈಯಾಗಿರೋ ಸೊನ್ನೆ ಅಲ್ಲಿಗೆ ಹೋಗೂದ್ರಾಗ ಕೋಟಿ ಆಗಿರತದ ಅಂದೆ. ಅಕಿ ಆ ಟಿಕೆಟ್ ನೋಟ್‌ಬುಕ್ಕಿನ್ಯಾಗ ಇಟ್ಕೊಂಡ್ಲು. "ಆದ್ರ ಇದು ಶಾಸಕರದ್ದಾತು, ನಾನು ಎಂಪಿ" ಅಂತ ತಾನ ಹೇಳಿದ್ಲು. ಅರ್ಧ ಕೆಲಸ ಅಲ್ಲೇ ಮುಗೀತು ಅನ್ನಿಸ್ತು ನನಗ. ಯಾವ ಪ್ರಶ್ನೆ ಯಾವ ಕಿಡಕಿ ಮುಂದ ಕೇಳಬೇಕು ಅನ್ನೋದು ಭಾಳ ಮಂದಿ ದೊಡ್ಡವ್ರಿಗೂ ಗೊತ್ತಿರಂಗಿಲ್ಲ.

ಫೆಬ್ರವರಿ ತಿಂಗಳು, ಅಣ್ಣಿಗೇರಿ ಕಡೆ ಎರಿ ಹೊಲದಾಗ ಕಡ್ಲಿ ಕೀಳಾಕತ್ತಿದ್ರು, ಅಲ್ಲಲ್ಲೆ ಕಣದಾಗ ಮೆಣಸಿನಕಾಯಿ ಒಣಗಾಕ ಹಾಕಿದ್ರು, ದೂರದಿಂದ ಕೆಂಪು ಜಮಖಾನಿ ಹಾಸಿದಂಗ ಕಾಣ್ತಿತ್ತು. ಹಿಂದಿನ ಸೀಟಿನ್ಯಾಗ ಇಬ್ರು ಉಳ್ಳಾಗಡ್ಡಿ ಮಾತಾಡಾಕತ್ತಿದ್ರು. ಹೋದ ಹೋದ ವರ್ಷ ಹಿಂಗಾತು, ಎಕ್ಸ್‌ಪೋರ್ಟ್ ಬಂದ್ ಮಾಡಿ ನಮ್ಮನ್ನ ಕೆಡಿವಿದ್ರು ಅಂತ. ನಾನು ಇಕಿಗೆ ಬರಕೋ ಅಂದೆ. 2023ರ ಆಗಸ್ಟ್‌ನ್ಯಾಗ ಉಳ್ಳಾಗಡ್ಡಿ ರಫ್ತಿಗೆ 40 ಪರ್ಸೆಂಟ್ ಸುಂಕ ಹಾಕಿದ್ರು, ಡಿಸೆಂಬರ್‌ನ್ಯಾಗ ರಫ್ತನ್ನ ಬಂದ್ ಮಾಡಿದ್ರು, 2024ರ ಮೇ ತಿಂಗಳದಾಗ ಬಂದ್ ತಗದ್ರು ಆದ್ರ ಸುಂಕ ಇಟ್ರು, ಸೆಪ್ಟೆಂಬರ್‌ನ್ಯಾಗ ಅದನ್ನ 20ಕ್ಕ ಇಳಿಸಿದ್ರು, 2025ರ ಏಪ್ರಿಲ್ 1ಕ್ಕ ಪೂರ್ತಿ ತಗದ್ರು. ಇಷ್ಟು ಸಲ ಹಗ್ಗ ಎಳದು ಬಿಟ್ಟದ್ದು ಎಲ್ಲಾ ಅಧಿಸೂಚನೆ ಮ್ಯಾಲ, ಮೊದಲ ಸದನದಾಗ ಚರ್ಚೆ ಮಾಡಿ ಅಲ್ಲ. ಸಂಸದರಿಗೆ ಗೊತ್ತಾಗೋದು ನಮಗ ಗೊತ್ತಾದಾಗನ, ಟಿವಿಯಾಗ. ಆಮ್ಯಾಲ ಶೂನ್ಯವೇಳೆದಾಗ, ಅಂದ್ರ ಜರೂರ ವಿಷಯ ಎತ್ತಾಕ ಬಿಟ್ಟ ಹೊತ್ತಿನ್ಯಾಗ, ಎದ್ದು ನಿಂತು ಕೂಗಬಹುದು, ಇಲ್ಲಾ ಪ್ರಶ್ನೆ ಹಾಕಬಹುದು. ಪ್ರಶ್ನೆ ಹಾಕಿದ್ರೂ ಲಾಟರಿ ಎತ್ತತಾರ, ದಿನಕ್ಕ ಬಾಯಲೆ ಉತ್ತರ ಕೊಡೋ ಚುಕ್ಕೆ ಗುರುತಿನ ಪ್ರಶ್ನೆ ಇಪ್ಪತ್ತ ಇಪ್ಪತ್ತು, ಅದರಾಗ ಮುಗಿಯೋದು ನಾಕೋ ಐದೋ.

"ಹಂಗಾದ್ರ ಎಂಪಿ ಆಗಿ ಏನ್ ಮಾಡಬೇಕು?" ಅಂದ್ಲು. ಗದಗ ಬಂತು, ಇಳದ್ವಿ.

ಗದಗದಾಗ ವೀರನಾರಾಯಣಗ ಒಂದು ಕೈ ಮುಗದು, ಬಿಸಿ ಮಿರ್ಚಿ ತಿಂದು, ಟಂಟಂ ಹಿಡದು ಕಣಗಿನಹಾಳಕ್ಕ ಹೋದ್ವಿ. ಹೊರಗಿನ ಮಂದಿಗೆ ಈ ಊರ ಹೆಸರು ಗೊತ್ತಿರಂಗಿಲ್ಲ, ಆದ್ರ ದೇಶದ ಮೊದಲನೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಇಲ್ಲೇ, 1905ರಾಗ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ನಾನು ಶಾಣ್ಯಾ, ರವಿವಾರ ಬಂದೀನಿ! ಸಂಘದ ಬಾಗಲಾ ಕೀಲಿ. ಕಟ್ಟಿ ಮ್ಯಾಲ ಒಬ್ರು ಅಜ್ಜಾರು ಎಲಿ ಅಡಿಕಿ ಕುಟ್ಟಕೋತ ಕುಂತಿದ್ರು. "ನಾಳಿ ಬರ್ರೀ, ಸೆಕ್ರೆಟರಿ ಇರತಾರ" ಅಂದ್ರು. ನಾಳಿ ಬ್ಯಾಡಗಿಗೆ ಹೋಗಬೇಕ್ರೀ ಅಂದೆ. "ಹಂಗಾದ್ರ ನನ್ನನ್ನ ಕೇಳ್ರಿ" ಅಂತ ಸರಕೊಂಡು ಜಾಗ ಕೊಟ್ರು.

ಅವರು ಹೇಳಿದ್ದು ಸಾಹುಕಾರ್ರ ಬಡ್ಡಿ ಕಥಿ. ಬಿತ್ತಾಕ ಸಾಲ, ಸುಗ್ಗಿಗೆ ಮಾಲು ಸಾಹುಕಾರ್ರ ಮನಿಗೆ, ಮತ್ತ ಬಿತ್ತಾಕ ಸಾಲ. ಅದರಾಗ ಹಳ್ಳಿಯವ್ರ ತಮ್ಮತಮ್ಮೊಳಗ ರೊಕ್ಕ ಕೂಡಿಸಿ ತಾವ ಸಾಲ ಕೊಟ್ಕೊಳ್ಳೋದು ಅಂದ್ರ ಸಣ್ಣ ಮಾತಲ್ಲ. ನಾನು ಇಕಿಗೆ ಅದರ ಇನ್ನೊಂದು ಬಾಜೂ ಹೇಳಿದೆ. ಸಂಘ ಕಟ್ಟಬೇಕಂದ್ರ ಕಾಯ್ದೆ ಬೇಕು, ಆ ಕಾಯ್ದೆ ಆದದ್ದು 1904ರಾಗ, ವೈಸ್‌ರಾಯ್ ಕರ್ಜನ್ ಸಾಹೇಬನ ಕಾಲದಾಗ. ಕಾಯ್ದೆ ಆದ ಮರುವರ್ಷನ ಗದಗ ತಾಲೂಕಿನ ಒಂದು ಹಳ್ಳಿ ಅದನ್ನ ಹಿಡಕೊಂಡು ಓಡೇತಿ. ಅಜ್ಜಾರು "ಹೌದನ್ರೀ? ನಮಗ ಗೌಡ್ರು ಗೊತ್ತು, ಕರ್ಜನ್ ಗೊತ್ತಿಲ್ಲ" ಅಂದ್ರು.

ಆವಾಗ ನಮ್ಮ ಧಾರವಾಡ ಜಿಲ್ಲೆ ಮುಂಬೈ ಇಲಾಖೆದಾಗಿತ್ತು, ಗದಗನೂ ಅದರಾಗ. ಮುಂಬೈ ಕಡಿಂದ ವೈಸ್‌ರಾಯ್ ಕೌನ್ಸಿಲ್‌ನ್ಯಾಗ, ಅಂದ್ರ ಅವಾಗಿನ ಕಾಯ್ದೆ ಮಾಡೋ ಸಭಾದಾಗ, ಇದ್ದವ್ರು ಗೋಪಾಲಕೃಷ್ಣ ಗೋಖಲೆ. 1902ರ ಮಾರ್ಚ್‌ನ್ಯಾಗ ಅವರು ಮಾಡಿದ ಮೊದಲ ಬಜೆಟ್ ಭಾಷಣದ ಬಗ್ಗೆ ಆ ಕಟ್ಟಿ ಮ್ಯಾಲ ಕುಂತು ಹೇಳಿದೆ. ಬರ, ಪ್ಲೇಗ್, ಹುಬ್ಬಳ್ಳಿ ಊರ ಪ್ಲೇಗಿಗೆ ಖಾಲಿ ಆಗಿದ್ದ ಕಾಲ, ಸರ್ಕಾರ ಮಾತ್ರ ವರ್ಷಾ ವರ್ಷಾ ಖಜಾನಿದಾಗ ರೊಕ್ಕ ಉಳದೈತಿ ಅಂತ ತೋರಿಸ್ತಿತ್ತು. ಗೋಖಲೆ ಹಿಡದದ್ದು ಅದನ್ನ. ಈ ಉಳತಾಯ ಮಂದಿ ಚಲೋ ಅದಾರ ಅನ್ನೋದಕ್ಕ ಗುರುತಲ್ಲ, ಬೇಕಾದದ್ದಕ್ಕಿಂತ ಹೆಚ್ಚು ತೆರಿಗಿ ಕಿತ್ತೀರಿ ಅನ್ನೋದಕ್ಕ ಗುರುತು ಅಂತ ಸರ್ಕಾರದ ಲೆಕ್ಕನ ಇಟ್ಕೊಂಡು ವಾದ ಮಾಡಿದ್ರು. ಉಪ್ಪಿನ ತೆರಿಗಿ ಇಳಸ್ರಿ ಅಂದ್ರು. ಮಣಕ್ಕ ಎರಡೂವರಿ ರೂಪಾಯಿ ಇದ್ದದ್ದು 1903ರಾಗ ಎರಡು ಆತು, 1905ರಾಗ ಒಂದೂವರಿ, 1907ರಾಗ ಒಂದು. ಅವರೊಬ್ಬರ ಮಾತಿಗೇ ಇಳೀತು ಅಂತ ನಾನು ಹೇಳಂಗಿಲ್ಲ, ಆದ್ರ ಬಿಡಲಾರದ ಪ್ರತಿ ವರ್ಷ ಕುಟ್ಟಿದ್ರು. ಇದರಾಗ ಮಜಾ ಏನಂದ್ರ, ಅವಾಗಿನ ನಿಯಮದಾಗ ಸದಸ್ಯರು ಬಜೆಟ್ ಮ್ಯಾಲ ಮಾತಾಡಬಹುದಿತ್ತು, ಮತ ಹಾಕಂಗಿರಲಿಲ್ಲ.

"ಈಗ ಮತ ಐತೆಲ್ಲ" ಅಂದ್ಲು ಇಕಿ.

ಈಗ ಮತ ಐತಿ, ಮಾತ ಇಲ್ಲ! 2023ರ ಮಾರ್ಚ್ 23ಕ್ಕ ಲೋಕಸಭಾದಾಗ ಸುಮಾರು 45 ಲಕ್ಷ ಕೋಟಿ ಬಜೆಟ್ಟು ಗದ್ದಲದ ನಡುವ ಚರ್ಚೆ ಇಲ್ಲದ ಪಾಸ್ ಆತು. ಗಿಲೊಟಿನ್ ಅಂತಾರ ಅದಕ್ಕ. ಟೈಮ್ ಮುಗೀತು ಅಂದ್ರ ಉಳದ ಎಲ್ಲಾ ಖಾತೆಗಳ ಬೇಡಿಕೆ ಗಂಟು ಕಟ್ಟಿ ಒಂದ ಸಲಕ್ಕ ಮತಕ್ಕ ಹಾಕೋದು, ಹೌದನ್ನವ್ರು ಹೌದನ್ರಿ ಅನ್ನೋದು. ಕೂಗಾಡಿದವ್ರು ಯಾರು, ಯಾಕ ಅಂತ ಇಲ್ಲಿ ಜಗಳ ಬ್ಯಾಡ, ಎರಡೂ ಕಡಿಯವ್ರು ಕೂಗತಿದ್ರು. ಅಜ್ಜಾರು ಕುಟ್ಟಾಣಿ ಕೆಳಗಿಟ್ಟು "ನಮ್ಮ ಸಂಘದಾಗ ಇನ್ನೂರು ರೂಪಾಯಿ ಸುಣ್ಣಾ ಬಣ್ಣಾ ಖರ್ಚಿಗೆ ಎರಡು ತಾಸು ಜಗಳ ಮಾಡ್ತಾರ್ರೀ" ಅಂದ್ರು. ಇಕಿ ಬಿದ್ದು ಬಿದ್ದು ನಕ್ಕಳು, ಬರಕೊಂಡ್ಲು.

ರಾತ್ರಿ ದೊಡ್ಡವ್ವನ ಮನ್ಯಾಗ ಜ್ವಾಳದ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ. ಊಟ ಆದ ಮ್ಯಾಲ ಕಡಿತ ಸೂಚನೆ ಅಂದ್ರ ಏನಂತ ಹೇಳಿಕೊಟ್ಟೆ. ಮಂತ್ರಿ ತನ್ನ ಖಾತೆಗೆ ಇಷ್ಟು ಕೊಡ್ರಿ ಅಂತ ಬೇಡಿಕೆ ಇಟ್ಟಾಗ ಸದಸ್ಯರು ಅದನ್ನ ಕಡಿಮಿ ಮಾಡ್ರಿ ಅಂತ ನೋಟಿಸ್ ಕೊಡಬಹುದು, ಅದರಾಗ ಮೂರು ಥರಾ. ನಿಮ್ಮ ನೀತಿನ ತಪ್ಪು ಅನ್ನಬೇಕಂದ್ರ ಇಡೀ ಬೇಡಿಕೆನ ಒಂದು ರೂಪಾಯಿಗೆ ಇಳಸ್ರಿ ಅನ್ನೋದು, ಖರ್ಚು ಜಾಸ್ತಿ ಆತು ಅಂದ್ರ ಇಂತಿಷ್ಟು ಕಡೀರಿ ಅನ್ನೋದು, ಮತ್ತ ಮೂರನೇದ್ದು, ಒಂದ ಒಂದು ನಿರ್ದಿಷ್ಟ ತಕರಾರು ಹೇಳಾಕ ಬರೇ ನೂರು ರೂಪಾಯಿ ಕಡೀರಿ ಅನ್ನೋದು. "ಲಕ್ಷ ಕೋಟಿದಾಗ ನೂರು ರೂಪಾಯಿ?" ಅಂತ ಎದ್ದು ಕುಂತ್ಲು. ಮೂರೂ ಕಡಿತದಾಗ ಅಕಿಗೆ ಲವ್ ಆದದ್ದು ಈ ನೂರರ ಮ್ಯಾಲ. ಇಂಥಾವು ಪಾಸ್ ಆಗೋದು ಅಪರೂಪ ಯವ್ವಾ, ಆದ್ರ ಆ ನೂರರ ಹೆಸರಿನ್ಯಾಗ ನಿನ್ನ ತಕರಾರು ಕಾಗದದ ಮ್ಯಾಲ ಬರತದ ಅಂದೆ.

ಸೋಮವಾರ ನಸಿಕಿನ್ಯಾಗ ಗದಗ ಬಿಟ್ವಿ. ಲಕ್ಷ್ಮೇಶ್ವರದಾಗ ಮುಂದಿನ ಬಸ್ಸಿಗೆ ಒಂದು ತಾಸು ಕಾದ್ವಿ, ಸವಣೂರದಾಗ ಖಾರಾ ಕಟ್ಟಿಸ್ಕೊಂಡ್ವಿ. ದಾರಿಗುಂಟ ಇಕಿ ಲೋಕಸಭಾ ಕ್ಷೇತ್ರ ಲೆಕ್ಕಾ ಹಾಕ್ಕೋತ ಬಂದ್ಲು. ಹುಬ್ಬಳ್ಳಿ ಅಣ್ಣಿಗೇರಿ ಧಾರವಾಡ ಕ್ಷೇತ್ರ, ಗದಗ ಲಕ್ಷ್ಮೇಶ್ವರ ಹಾವೇರಿ ಕ್ಷೇತ್ರ, ಸವಣೂರ ಬಂದ್ರ ತಿರುಗಿ ಧಾರವಾಡ ಕ್ಷೇತ್ರ, ಹಾವೇರಿ ಬ್ಯಾಡಗಿ ಮತ್ತ ಹಾವೇರಿ. ಒಂದ ಬಸ್ ಪ್ರಯಾಣದಾಗ ಮೂರು ಸಲ ಎಂಪಿ ಬದಲ್! ಧಾರವಾಡದ ಸರೋಜಿನಿ ಮಹಿಷಿಯವರು 1962ರಿಂದ ಸತತ ನಾಕು ಸಲ ಇಲ್ಲಿಂದನ ಲೋಕಸಭಾಕ್ಕ ಹೋಗಿದ್ರು ಅಂದಾಗ "ಹೆಂಗಸು? ಅವಾಗನ?" ಅಂತ ಬೆನ್ನ ನೆಟ್ಟಗ ಮಾಡಿ ಕುಂತ್ಲು.

ಬ್ಯಾಡಗಿ ಮಾರ್ಕೆಟ್ಟಿಗೆ ಹೋಗೋರು ಮೂಗಿಗೆ ಕರವಸ್ತ್ರಾ ಕಟ್ಟಿಕೊಂಡು ಹೋಗ್ರಿ. ಗೇಟ್ ದಾಟೂದ್ರಾಗ ನಮ್ಮ ಸಂಸದೆ ಹನ್ನೊಂದು ಸಲ ಸೀನಿದ್ಲು, ನಾನು ಎಣಿಸೀನಿ. ಎಲ್ಲಿ ನೋಡಿದ್ರೂ ಚೀಲ, ಚೀಲದ ಬಾಯಿ ಬಿಚ್ಚಿ ಕೆಂಪು ಕಾಯಿ. ಡಬ್ಬಿ ಅಂದ್ರ ದಪ್ಪಂದು, ಸುಕ್ಕು ಸುಕ್ಕು, ಬಣ್ಣ ಭಾಳ ಖಾರ ಕಡಿಮಿ, ಕಡ್ಡಿ ಅಂದ್ರ ಸಣ್ಣಂದು ಉದ್ದಂದು. ಖರೀದಿದಾರರು ಒಂದು ಕಾಯಿ ಮುರದು, ಬೆರಳಿನ್ಯಾಗ ತಿಕ್ಕಿ, ಬಣ್ಣ ನೋಡಿ, ಹಸಿ ಐತೇನು ಅಂತ ಹಿಚುಕಿ ಮುಂದ ಹೋಗತಾರ, ಒಂದು ಲಾಟಿಗೆ ಅರ್ಧ ನಿಮಿಷನೂ ಇಲ್ಲ. ಇದ ಕಾಯಿಗೆ 2011ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದ ಮಾಲು ಅನ್ನೋ ಗುರುತು, ಸಿಕ್ಕೇತಿ. ಇದ ಅಂಗಳದಾಗ 2024ರ ಮಾರ್ಚ್ 11ಕ್ಕ, ಅದೂ ಒಂದು ಸೋಮವಾರ, ರೇಟು ಬಿತ್ತಂತ ರೈತರ ಸಿಟ್ಟು ಸಿಡದು ಗಾಡಿಗಳಿಗೆ ಬೆಂಕಿ ಬಿದ್ದದ್ದು.

ರೋಣದ ಕಡಿಂದ ಬಂದಿದ್ದ ಒಬ್ರು ರೈತರು ತಮ್ಮ ಚೀಲದ ಮ್ಯಾಲ ಕುಂತಿದ್ರು. ಹುಡುಗಿ ಹೋಗಿ "ಕಾಕಾ, ನಿಮಗ ಸರ್ಕಾರ ಏನ್ ಮಾಡಬೇಕು?" ಅಂತ ಸೀದಾ ಕೇಳೇ ಬಿಟ್ಲು. ಅವರು ನಕ್ಕು, ಅಂಗಿ ಕಿಸೆದಾಗಿಂದ ಹೋದ ವಾರ ಮಾಲು ಮಾರಿದ ಪಟ್ಟಿ ತಗದು ತೋರಿಸಿದ್ರು. ಬೆವರಿಗೆ ಮೆತ್ತಗಾಗಿ ಮಡಚಿದಲ್ಲೆ ಹರದಿತ್ತು. ಒಂದ ಹೊಲ, ಒಂದ ಬೀಜ, ಮೂರು ಲಾಟು, ಮೂರು ರೇಟು. "ಹೆಸರುಕಾಳಿಗೆ ಬೆಂಬಲ ಬೆಲೆ ಐತಿ, ಕಡ್ಲಿಗೆ ಐತಿ, ಇದಕ್ಕಿಲ್ಲ. ಇದಕ್ಕ ಯಾಕಿಲ್ಲ ಅಂತ ಕೇಳವಾ" ಅಂದ್ರು.

ಹೌದು, ಕೇಂದ್ರದ ಬೆಂಬಲ ಬೆಲೆ ಪಟ್ಟಿಯಾಗ ಒಣ ಮೆಣಸಿನಕಾಯಿ ಇಲ್ಲ. ಆದ್ರ ಪೂರಾ ಬಾಗಲಾ ಹಾಕಿಲ್ಲ, ರೇಟು ಬಿದ್ದಾಗ ಸರ್ಕಾರ ನಡುವ ಕೈ ಹಾಕೋ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಅಂತ ಒಂದು ಐತಿ. 2025ರ ಫೆಬ್ರವರಿಯಾಗ ಆಂಧ್ರದವ್ರು ದಿಲ್ಲಿ ತನ ಹೋಗಿ ಗಂಟು ಬಿದ್ದಾಗ ಅಲ್ಲಿನ ಮೆಣಸಿನಕಾಯಿಗೆ ಕ್ವಿಂಟಲ್‌ಗೆ 11,781 ರೂಪಾಯಿ ಅಂತ ಕೇಂದ್ರ ದರ ಕಟ್ಟಿತ್ತು. ನಾ ಅದನ್ನ ಹೇಳಿದ ಕೂಡ್ಲೆ ರೈತರು ನನ್ನನ್ನ ನೋಡಿದ್ದಕ್ಕಿಂತ ಹುಡುಗಿನ್ನ ನೋಡಿದ್ರು, "ಬರಕೊಂಡಿ?" ಅಂತ ಕೇಳಿದ್ರು. ಬರಕೊಂಡಿದ್ಲು. ಜಿಡಿಪಿ ಬರದಿದ್ದ ನಾಕು ಪುಟದ ಹಿಂದ, ಮೂಗು ಒರಸ್ಕೋತ.

ರೇಟು ಹಚ್ಚೋ ತನ ನಿಂದ್ರಬೇಕಂತ ಇತ್ತು, ಇಕಿ ಕಣ್ಣು ಕೆಂಪಗಾಗಿ ನೀರು ಸುರಿಯಾಕತ್ತಿದ್ದಕ್ಕ ಹೊಂಟ್ವಿ. ಹುಬ್ಬಳ್ಳಿ ಬಸ್ಸಿನ್ಯಾಗ ಮತ್ತೊಂದು ಸೊನ್ನೆ ಟಿಕೆಟ್. ಶಿಗ್ಗಾಂವ ದಾಟೂದ್ರಾಗ ಹಳೇ ಭಾಷಣಾ ಎಲ್ಲಾ ಹೊಡದು ಹಾಕಿ ಒಂದು ನೋಟಿಸ್ ಬರದು ಗಟ್ಟಿಯಾಗಿ ಓದಿದ್ಲು. "ಮಾನ್ಯ ಸಭಾಧ್ಯಕ್ಷರೇ, ಆಂಧ್ರಕ್ಕ ಕೊಟ್ಟ ಯೋಜನೆ ಬ್ಯಾಡಗಿ ಮೆಣಸಿನಕಾಯಿಗೆ ಯಾಕಿಲ್ಲ ಅನ್ನೋದನ್ನ ಚರ್ಚಿಸಲು ಕೃಷಿ ಖಾತೆಯ ಬೇಡಿಕೆಯನ್ನು ನೂರು ರೂಪಾಯಿ ಕಡಿತಗೊಳಿಸಬೇಕು." ಐದು ನಿಮಿಷದ್ದು ಅರ್ಧ ನಿಮಿಷಕ್ಕ ಬಂದಿತ್ತು.

ಬಾಜೂ ಸೀಟಿನ್ಯಾಗ ಸಂತಿ ಚೀಲ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ ಆಯಿ ಇಷ್ಟೊತ್ತು ಕಿವಿಗೊಟ್ಟು ಕೇಳಾಕತ್ತಿದ್ಲು.

"ನೂರು ರೂಪಾಯಿ ಯಾರಿಗೆ ಕಡೀತಿ ಯವ್ವಾ? ನಮಗ ಬರೋದರಾಗ ಕಡೀಬ್ಯಾಡ ಮತ್ತ" ಅಂದ್ಲು.