ಕಲ್ಲಿನ ಯಾವ ಮೈ ಮೇಲೆ ಬರೆದೆ?

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಉತ್ತರಾಖಂಡದ ಹೇಲಂಗ್‌ನಿಂದ ಜೋಶಿಮಠಕ್ಕೆ, ಅಲ್ಲಿಂದ ಧೌಲಿಗಂಗೆಯ ದಂಡೆ ಹಿಡಿದು ಮಲಾರಿಗೆ ಹೋಗುವ ರಸ್ತೆಯಲ್ಲಿ ಎರಡು ವರ್ಷ ಕ್ಷೇತ್ರಕಾರ್ಯ ಮಾಡಿದೆ. ಹಿಮಾಲಯದ ರಚನೆಯನ್ನು ಅಭ್ಯಾಸ ಮಾಡುವವರಿಗೆ ಇದು ಅನುಕೂಲದ ದಾರಿ. ಪರ್ವತದ ಎರಡು ದೊಡ್ಡ ಸ್ತರಭಂಗಗಳನ್ನು, ಅಂದರೆ ಬಂಡೆಗಳು ಒಂದರ ಮೇಲೊಂದು ಜಾರಿದ ಬಿರುಕುಗಳನ್ನು, ಇಲ್ಲಿ ಜೀಪಿನಲ್ಲಿ ಕುಳಿತೇ ದಾಟಬಹುದು: ಹೇಲಂಗ್ ಮತ್ತು ಜೋಶಿಮಠದ ನಡುವೆ ಮೇನ್ ಸೆಂಟ್ರಲ್ ಥ್ರಸ್ಟ್ ವಲಯ, ಮಲಾರಿಯ ಹತ್ತಿರ ಸೌತ್ ಟಿಬೆಟನ್ ಡಿಟ್ಯಾಚ್‌ಮೆಂಟ್.

ಮೊದಲನೆಯದನ್ನು ಗುರುತಿಸಿ ಹೆಸರಿಟ್ಟವರು 1936ರಲ್ಲಿ ಈ ಸೀಮೆಯನ್ನು ಸುತ್ತಿದ ಸ್ವಿಸ್ ಭೂವಿಜ್ಞಾನಿಗಳಾದ ಆರ್ನಾಲ್ಡ್ ಹೈಮ್ ಮತ್ತು ಔಗುಸ್ಟ್ ಗಾನ್ಸರ್. ಆ ವಲಯದಲ್ಲಿ ಕೆಳಗೆ ಮುನ್ಸಿಯಾರಿ, ಮೇಲೆ ವೈಕೃತ ಎಂಬ ಎರಡು ಜಾರುಪಾತಳಿಗಳಿದ್ದು, ಮೇಲಿನದೇ ನಿಜವಾದ ಮೇನ್ ಸೆಂಟ್ರಲ್ ಥ್ರಸ್ಟ್ ಎಂದು ವಾದಿಸಿದವರು ಭೂವಿಜ್ಞಾನಿ ಕೆ. ಎಸ್. ವಾಲ್ದಿಯಾ. ಕುಮಾವೂಂ ಬೆಟ್ಟಗಳನ್ನು ಜೀವಮಾನವಿಡೀ ನಡೆದು ನಕ್ಷೆ ಮಾಡಿದ ಅವರು ತಮ್ಮ ಕೊನೆಯ ಕಾಲದ ಕೆಲಸವನ್ನು ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮಾಡಿದರು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಢಿಕ್ಕಿ ಹೊಡೆದ ಮೇಲೆ ಆಳಕ್ಕಿಳಿದು ಬೆಂದ ಶಿಲೆಗಳು ಈ ಥ್ರಸ್ಟಿನ ಮೇಲೆ ದಕ್ಷಿಣಕ್ಕೆ ಏರಿ ಬಂದಿವೆ. ಆದ್ದರಿಂದಲೇ ಕಣಿವೆಯಲ್ಲಿ ಮೇಲಕ್ಕೆ ಹೋದಂತೆ ಹೆಚ್ಚು ಹೆಚ್ಚು ಬಿಸಿಯಲ್ಲಿ ಹುಟ್ಟುವ ಖನಿಜಗಳು, ಮೊದಲು ಬಯೋಟೈಟ್, ಆಮೇಲೆ ಗಾರ್ನೆಟ್, ಆಮೇಲೆ ಕಯನೈಟ್, ಕಾಣಿಸಿಕೊಳ್ಳುತ್ತ, ಕಲ್ಲು ಹೆಚ್ಚು ಹೆಚ್ಚು ಬೆಂದಿರುತ್ತದೆ. ಆಳಕ್ಕೆ ಇಳಿದಂತೆ ಬಿಸಿ ಏರಬೇಕೆಂಬ ಲೆಕ್ಕ ಇಲ್ಲಿ ತಲೆಕೆಳಗು.

ಎರಡೂ ಸ್ತರಭಂಗಗಳು ಉತ್ತರಕ್ಕೆ ವಾಲಿವೆ. ಆದರೆ ಕೆಳಗಿನ ಥ್ರಸ್ಟಿನಲ್ಲಿ ಮೇಲಿನ ಬಂಡೆ ದಕ್ಷಿಣಕ್ಕೆ ಏರಿದೆ, ಮೇಲಿನ ಡಿಟ್ಯಾಚ್‌ಮೆಂಟಿನಲ್ಲಿ ಮೇಲಿನ ಬಂಡೆ ಉತ್ತರಕ್ಕೆ ಇಳಿದಿದೆ. ಸುಮಾರು 2 ಕೋಟಿ ವರ್ಷಗಳ ಹಿಂದೆ ಎರಡೂ ಒಟ್ಟೊಟ್ಟಿಗೆ ಚಲಿಸುತ್ತಿದ್ದುದರಿಂದ, ಟಿಬೆಟ್ಟಿನ ಅಡಿಯಲ್ಲಿ ಬಿಸಿಯಾಗಿ ಮೆತ್ತಗಾದ ನಡುಪದರ ಇವೆರಡರ ನಡುವಿನಿಂದ ದಕ್ಷಿಣಕ್ಕೆ ಹರಿದು ಬಂತೆಂಬ ಮಾದರಿಯನ್ನು ಭೂವಿಜ್ಞಾನಿ ಬೋಮಾಂಟ್ ಮತ್ತು ಸಂಗಡಿಗರು 2001ರಲ್ಲಿ ಮುಂದಿಟ್ಟರು. ಒಪ್ಪುವವರೂ ಒಪ್ಪದವರೂ ಕೊನೆಗೆ ನೋಡಬೇಕಾದದ್ದು ಒಂದನ್ನೇ: ಯಾವ ಜಾಗದ ಕಲ್ಲು ಯಾವ ಕಡೆಗೆ ಜಾರಿದೆ?

ಅದನ್ನು ಕಲ್ಲೇ ಹೇಳುತ್ತದೆ. ಜಾರಿಕೆಗೆ ಸಿಕ್ಕ ಕಾಗೆಬಂಗಾರದ ಹರಳುಗಳು ಮೀನಿನ ಆಕಾರ ತಾಳಿ ಒಂದು ಕಡೆಗೆ ಓರೆಯಾಗಿ ಮಲಗಿರುತ್ತವೆ. ಫೆಲ್ಡ್‌ಸ್ಪಾರ್ ಹರಳುಗಳಿಗೆ ಎರಡೂ ಬದಿಯಲ್ಲಿ, ಒಂದು ಮೇಲೆ ಇನ್ನೊಂದು ಕೆಳಗೆ, ಬಾಲ ಮೂಡಿರುತ್ತದೆ. ಕಲ್ಲನ್ನು ಪದರಕ್ಕೆ ಲಂಬವಾಗಿ, ಹರಳುಗಳು ಎಳೆದುಕೊಂಡಿರುವ ಗೆರೆಯ ಉದ್ದಕ್ಕೆ ಕೊಯ್ದು, 0.03 ಮಿಲಿಮೀಟರ್ ದಪ್ಪಕ್ಕೆ ಅರೆದು, ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಇವು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಬೆಟ್ಟದಲ್ಲಿ ಆ ಕಲ್ಲು ಹೇಗೆ ಕುಳಿತಿತ್ತೆಂದು ತಿಳಿದಿದ್ದರೆ ಮಾತ್ರ ಅವುಗಳಿಗೆ ಅರ್ಥ. ಅದಕ್ಕಾಗಿ ಕಲ್ಲನ್ನು ಒಡೆದು ತೆಗೆಯುವ ಮೊದಲೇ ಅದರ ಮೈ ಮೇಲೆ ಸ್ಟ್ರೈಕ್ ಗೆರೆ, ಅಂದರೆ ವಾಲಿದ ಪದರದ ಮೇಲಿನ ಸಮತಲ ಗೆರೆ, ಎಳೆದು, ವಾಲಿದ ದಿಕ್ಕಿಗೆ ಚಿಕ್ಕ ಕಡ್ಡಿ ಹಾಕಿ, ಕಂಪಾಸಿನ ಅಂಕೆಗಳನ್ನು ಬರೆಯುತ್ತೇವೆ.

ಹೇಲಂಗ್‌ನಿಂದ ಸ್ವಲ್ಪ ಮೇಲೆ ರಸ್ತೆಬದಿಯ ಬಂಡೆಯೊಂದು ಮುಂದಕ್ಕೆ ಚಾಚಿ ಸೂರಿನಂತಿತ್ತು. ಅಂದು ಮಳೆ ಬರುತ್ತಿತ್ತು. ನಾನು ಸೂರಿನ ಅಡಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ತಲೆಯ ಮೇಲಿದ್ದ ಒಣಗಿದ ಮೈಗೇ ಮಾರ್ಕರಿನಿಂದ ಗುರುತು ಹಾಕಿ, ಕಲ್ಲನ್ನು ಒಡೆದು, 24 ಎಂದು ಬರೆದು ಚೀಲಕ್ಕೆ ಹಾಕಿದೆ. ಆ ಗುರುತು ಕಲ್ಲಿನ ಕೆಳಮೈ ಮೇಲಿದೆ ಎಂದು ಬರೆದುಕೊಂಡೆನೇ? ನೋಟ್‌ಬುಕ್ಕಿನ ಆ ಪುಟದಲ್ಲಿ ಸ್ಟ್ರೈಕ್ ಇದೆ, ಡಿಪ್ (ಪದರ ಎಷ್ಟು ವಾಲಿದೆ ಎಂಬ ಅಳತೆ) ಇದೆ, ಗಾರ್ನೆಟ್ಟಿನ ಗಾತ್ರವೂ ಇದೆ, ಅದೊಂದಿಲ್ಲ.

ಎಂಟು ತಿಂಗಳ ನಂತರ ಪ್ರಯೋಗಾಲಯದಲ್ಲಿ 24ನೆಯ ಕಲ್ಲು ಉಳಿದವುಗಳಿಗಿಂತ ಬೇರೆ ಮಾತಾಡಿತು. ಅಕ್ಕಪಕ್ಕದ ಕಲ್ಲುಗಳೆಲ್ಲ ಮೇಲಿನ ಭಾಗ ದಕ್ಷಿಣಕ್ಕೆ ಎನ್ನುತ್ತಿದ್ದರೆ ಇದು ಉತ್ತರಕ್ಕೆ ಎಂದಿತು. ಥ್ರಸ್ಟ್ ವಲಯದ ಮಧ್ಯದಲ್ಲಿ ಹಿಮ್ಮುಖ ಚಲನೆ! ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಥ್ರಸ್ಟ್ ಏರಿಕೆ ಮುಗಿದ ಮೇಲೆ ಅದೇ ಪಾತಳಿ ಮರಳಿ ಕುಸಿದಿದೆ ಎಂಬ ವಾದ ಕಟ್ಟಿ, ನಾಲ್ಕು ಪುಟ ಬರೆದು, ಸಮ್ಮೇಳನಕ್ಕೆ ಸ್ಲೈಡುಗಳನ್ನೂ ಮಾಡಿದೆ. ಈಗ ಓದಿದರೂ ವಾದ ಚೆನ್ನಾಗಿಯೇ ಇದೆ.

ಮಾರ್ಗದರ್ಶಕರು ನಾಲ್ಕೂ ಪುಟ ಓದಿ, ಸೂಕ್ಷ್ಮದರ್ಶಕವನ್ನು ನೋಡದೆ, “ಕಲ್ಲಿನ ಯಾವ ಮೈ ಮೇಲೆ ಬರೆದಿದ್ದೀರಿ?” ಎಂದಷ್ಟೇ ಕೇಳಿದರು. ಕೆಳಮೈ ಗುರುತನ್ನು ಮೇಲ್ಮೈಯದೆಂದು ಹಿಡಿದರೆ ವಾಲಿದ ದಿಕ್ಕು ಸರಿಯಾಗಿಯೇ ಇರುತ್ತದೆ, ಪದರ ಮಾತ್ರ ಮಗುಚಿಕೊಳ್ಳುತ್ತದೆ. ಹಾಗಾಗಿ ದಕ್ಷಿಣಕ್ಕೆ ಏರಿದ್ದು ಉತ್ತರಕ್ಕೆ ಇಳಿದಂತೆ ಕಾಣುತ್ತದೆ. ಪೆಟ್ಟಿಗೆಯಲ್ಲಿದ್ದ ಉಳಿದ ತುಂಡನ್ನು ತೆಗೆದು ನೋಡಿದೆವು. ಗುರುತಿದ್ದ ಮೈ ಸ್ವಚ್ಛವಾಗಿತ್ತು, ಎದುರು ಮೈಯ ಒಂದು ಅಂಚಿಗೆ ಕಲ್ಲುಹೂವು ಹಿಡಿದಿತ್ತು. ಬಿಸಿಲು ಮಳೆ ಕಂಡದ್ದು ಯಾವ ಮೈ ಎಂದು ಹೇಳಲು ಭೂವಿಜ್ಞಾನ ಓದಿರಬೇಕಾಗಿಲ್ಲ.

ಆದರೂ ಕಲ್ಲುಹೂವನ್ನು ಅಳತೆಯೆಂದು ಕೋಷ್ಟಕದಲ್ಲಿ ಬರೆಯಲಾಗದು. ಮುಂದಿನ ವರ್ಷ ಅದೇ ತಿರುವಿಗೆ ಹೋದಾಗ ರಸ್ತೆ ಅಗಲಗೊಳಿಸಿ ಸೂರನ್ನು ಸಿಡಿಸಿ ತೆಗೆದಿದ್ದರು. ಗುರುತನ್ನು ತಿರುಗಿಸಿ ಓದಿದರೆ ಅದು ನೆರೆಯ ಕಲ್ಲುಗಳಿಗೆ ಸರಿಯಾಗಿ ಹೊಂದುತ್ತಿತ್ತು. ಹೊಂದುತ್ತದೆ ಎಂಬ ಕಾರಣಕ್ಕೇ ತಿರುಗಿಸುವುದು ನನಗೆ ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪಾಗಿ ಕಂಡಿತು. 24ನ್ನು ಕೈಬಿಟ್ಟೆ, ಅದರ ಜೊತೆಗೆ ನಾಲ್ಕು ಪುಟಗಳನ್ನೂ.

ಈಗ ನನ್ನ ಜೊತೆ ಬರುವ ವಿದ್ಯಾರ್ಥಿಗಳು ಕೆಳಮೈ ಮೇಲೆ ಬರೆದಾಗ ವೃತ್ತದೊಳಗೆ ‘ಕೆ’ ಎಂದು ಹಾಕುತ್ತಾರೆ, ಸುತ್ತಿಗೆ ಎತ್ತುವ ಮೊದಲು ಫೋಟೋ ತೆಗೆಯುತ್ತಾರೆ. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಗೊಣಗುವುದೂ ಉಂಟು.

ನನ್ನ ಮಹಾಪ್ರಬಂಧದ ಕೋಷ್ಟಕದಲ್ಲಿ 23ರ ಮುಂದೆ 25 ಬರುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ಅಲ್ಲಿಗೇ ಬೆರಳಿಟ್ಟು ಕೇಳಿದಾಗ ಇದನ್ನೆಲ್ಲ ಹೇಳಿದೆ. ಉಳಿದ ಕಲ್ಲುಗಳನ್ನೂ ಹೀಗೆಯೇ ಪರೀಕ್ಷಿಸಿದಿರಾ ಎಂದು ಅವರು ಮತ್ತೆ ಕೇಳಿದರು. ಪರೀಕ್ಷಿಸಿದ್ದೆ, ಹಾಗಾಗಿ 31, 32 ಮತ್ತು 40 ಕೂಡ ಆ ಕೋಷ್ಟಕದಲ್ಲಿಲ್ಲ.